ಇಬ್ಬರು ಕುಮಾರ್ತೆಯರು: ಸ್ವಸ್ಥತೆಯ ಮಹತ್ಕಾರ್ಯಗಳ ಅರ್ಥ

ಯೇಸುಸ್ವಾಮಿಯು ರೋಗಿಗಳನ್ನು ಸ್ವಸ್ಥಮಾಡಿದ ವೃತ್ತಾಂತಗಳು ಸುವಾರ್ತೆಗಳಲ್ಲಿ ಅನೇಕವಾಗಿವೆ. ಅವುಗಳನ್ನು ಓದುವಾಗ ನಮ್ಮ ಮನಸ್ಸಿನಲ್ಲಿ ಮೊದಲು ಏಳುವ ಪ್ರಶ್ನೆಯು, ಇದು ಹೇಗೆ ನಡೆಯಿತು ಎಂಬದು. ಸುವಾರ್ತಿಕರಾದರೋ ಆ ಪ್ರಶ್ನೆಯನ್ನು ಬಿಡಿಸಲು ಹೊರಟವರಲ್ಲ. ಮತ್ತಾಯ, ಮಾರ್ಕ, ಲೂಕರು ಇವುಗಳನ್ನು ಮಹತ್ಕಾರ್ಯಗಳೆಂದು ಕರೆಯುತ್ತಾರೆ, ಯೋಹಾನನು ಸೂಚಕಕಾರ್ಯಗಳೆನ್ನುತ್ತಾನೆ. ಸೂಚನೆಯು ತನ್ನನ್ನು ತೋರಿಸಿಕೊಳ್ಳತಕ್ಕದ್ದಲ್ಲ, ಮತ್ತೊಂದನ್ನು ತೋರಿಸತಕ್ಕದ್ದು. ಆದಕಾರಣ ಇದು ಏನನ್ನು ತೋರಿಸುತ್ತದೆ ಎಂದು ಕೇಳುವುದೇ ಯುಕ್ತವು. ಮಾರ್ಕನ ಸುವಾರ್ತೆಯ ೫ನೆಯ ಅಧ್ಯಾಯದ ೨೧ರಿಂದ ೪೩ನೆಯ ವಚನಗಳನ್ನು ತೆರೆದಿಟ್ಟುಕೊಂಡು ಇದನ್ನು ವಿಚಾರಿಸೋಣ.

ಗಲಿಲಾಯ ಸಮುದ್ರದ ದಡದಲ್ಲಿ ಜನರು ಗುಂಪುಕೂಡಿರುವಾಗ, ಸಭಾಮಂದಿರದ ಅಧಿಕಾರಿಯಾದ ಯಾಯೀರನು ಬಂದು ಸ್ವಾಮಿಯ ಪಾದಕ್ಕೆ ಬೀಳುತ್ತಾನೆ. ಅವನ ಮಗಳು ಮರಣಾವಸ್ಥೆಯಲ್ಲಿದ್ದಾಳೆ. ಆಕೆಗೆ ೧೨ ವರುಷ. ಸ್ವಾಮಿಯು ಅವನ ಸಂಗಡ ಹೊರಡುತ್ತಾನೆ. ದಾರಿಯಲ್ಲಿ ಒಬ್ಬ ಸ್ತ್ರೀಯು ಜನಸಂದಣಿಯ ನಡುವೆ ಹಿಂದಿನಿಂದ ಬಂದು ಆತನ ಉಡುಪನ್ನು ಮುಟ್ಟುತ್ತಾಳೆ. ಆಕೆಗೆ ೧೨ ವರುಷಗಳಿಂದ ರಕ್ತಕುಸುಮರೋಗ. ತನಗಿದ್ದದ್ದನ್ನೆಲ್ಲಾ ವೈದ್ಯರಿಗಾಗಿ ವೆಚ್ಚಮಾಡಿದರೂ ರೋಗವು ಹೆಚ್ಚಿತೇ ಹೊರತು ತಗ್ಗಲಿಲ್ಲ.

ಈ ಎರಡು ಹನ್ನೆರಡುಗಳನ್ನು ಗಮನಿಸಿರಿ. ಒಂದು ಮನೆಯಲ್ಲಿ ಹೆಣ್ಣುಮಗುವು ಹುಟ್ಟಿದ ಕಾಲದಲ್ಲಿಯೇ ಮತ್ತೊಬ್ಬಳ ಕಷ್ಟವು ಆರಂಭವಾಯಿತು. ಹುಡುಗಿಯು ತಂದೆತಾಯಿಗಳ ಮಡಿಲಲ್ಲಿ ಬೆಳೆದಳು. ಸ್ತ್ರೀಯಾದರೋ ಯಾಜಕಕಾಂಡದ ೧೫ನೆಯ ಅಧ್ಯಾಯದ ವಿಧಿಯಂತೆ ಅಶುದ್ಧಳೆನಿಸಿದಳು. ಆಕೆಯ ಹಾಸಿಗೆಯನ್ನು ಮುಟ್ಟಿದವನೂ ಆಕೆ ಕೂತ ಪೀಠವನ್ನು ಮುಟ್ಟಿದವನೂ ಸಾಯಂಕಾಲದವರೆಗೆ ಅಶುದ್ಧನು. ಹುಡುಗಿಗಾಗಿ ಬೇಡಿಕೊಳ್ಳಲು ಹೆಸರುಳ್ಳ ತಂದೆಯು ಬಂದನು. ಈಕೆಗಾಗಿ ಬೇಡಿಕೊಳ್ಳಲು ಒಬ್ಬರೂ ಬರಲಿಲ್ಲ. ಈಕೆಯ ಹೆಸರು ಸಹ ನಮಗೆ ತಿಳಿದಿಲ್ಲ.

ಮುಟ್ಟಿದ ಕ್ಷಣದಲ್ಲಿಯೇ ಆಕೆಗೆ ಗುಣವಾಯಿತು. ದೇಹವು ವಾಸಿಯಾಗುವುದೇ ಸಾಕಾಗಿದ್ದರೆ ಸ್ವಾಮಿಯು ಸುಮ್ಮನೆ ಮುಂದೆ ನಡೆಯಬಹುದಾಗಿತ್ತು. ಅಲ್ಲದೆ ಊರಿನ ಗಣ್ಯನೊಬ್ಬನ ಮಗು ಪ್ರಾಣಸಂಕಟದಲ್ಲಿದೆ. ಆದರೂ ಆತನು ನಿಂತು, ತನ್ನನ್ನು ಮುಟ್ಟಿದವರಾರೆಂದು ಹುಡುಕುತ್ತಾನೆ. ಆಕೆ ನಡುಗುತ್ತಾ ಬಂದು, ಮರೆಮಾಡಿದ್ದ ಸಂಗತಿಯನ್ನೆಲ್ಲಾ ಹೇಳುತ್ತಾಳೆ. ಆಗ ಆತನು ಆಕೆಯನ್ನು ಮಗಳೇ ಎಂದು ಕರೆಯುತ್ತಾನೆ. ಸುವಾರ್ತೆಗಳಲ್ಲಿ ಆತನು ಒಬ್ಬ ಸ್ತ್ರೀಯನ್ನು ಹೀಗೆ ಕರೆದದ್ದು ಈ ಪ್ರಸಂಗದಲ್ಲಿ ಮಾತ್ರ. ತಂದೆಯೊಬ್ಬನು ತನ್ನ ಮಗಳಿಗಾಗಿ ಕಾದುನಿಂತಿರುವಾಗ, ಯಾರೂ ಇಲ್ಲದವಳು ಎಲ್ಲರ ಮುಂದೆ ಮಗಳಾದಳು. ಇಲ್ಲಿ ಬಂದಿರುವ ಗ್ರೀಕ್ ಕ್ರಿಯಾಪದಕ್ಕೆ ಸ್ವಸ್ಥಮಾಡು, ರಕ್ಷಿಸು ಎಂಬ ಎರಡು ಅರ್ಥಗಳೂ ಉಂಟು. ರೋಗವು ಹೋದದ್ದು ಗುಟ್ಟಿನಲ್ಲಿ. ಜನರ ನಡುವೆ ಸ್ಥಾನವು ಮರಳಿ ದೊರೆತದ್ದು ಬಹಿರಂಗದಲ್ಲಿ. ಎರಡೂ ಸೇರಿದರೇ ಪೂರ್ಣಸ್ವಸ್ಥತೆ.

ಅಷ್ಟರಲ್ಲಿ ಮಗಳು ಸತ್ತಳೆಂಬ ಸುದ್ದಿಯು ಬರುತ್ತದೆ. ಆ ವಿಳಂಬವು ಯಾಯೀರನಿಗೆ ಎಷ್ಟು ಕಹಿಯಾಗಿದ್ದಿರಬೇಕು! ಆದರೂ ಸ್ವಾಮಿಯು ಅವನನ್ನು ಧೈರ್ಯಪಡಿಸಿ ಮನೆಗೆ ಹೋಗುತ್ತಾನೆ. ಅರಣ್ಯಕಾಂಡದ ೧೯ನೆಯ ಅಧ್ಯಾಯದ ಪ್ರಕಾರ ಶವವನ್ನು ಮುಟ್ಟಿದವನು ಏಳು ದಿನ ಅಶುದ್ಧನು. ಆತನು ಹುಡುಗಿಯ ಕೈಹಿಡಿದು, ಬೆಳಿಗ್ಗೆ ಮಗುವನ್ನು ಎಬ್ಬಿಸುವ ಹಾಗೆ ಎಬ್ಬಿಸುತ್ತಾನೆ. ಆತನಾಡಿದ ಎರಡು ಶಬ್ದಗಳನ್ನು ಮಾರ್ಕನು ಅರಾಮ್ಯ ಭಾಷೆಯಲ್ಲಿಯೇ ಉಳಿಸಿದ್ದಾನೆ. ಎರಡು ಸಂದರ್ಭಗಳಲ್ಲಿಯೂ ಅಶುದ್ಧತೆಯು ಆತನಿಗೆ ತಗಲಲಿಲ್ಲ. ಆತನಲ್ಲಿದ್ದ ಜೀವವೇ ಅವರಿಗೆ ಹರಿಯಿತು.

ಇಲ್ಲಿ ಒಂದು ಕಠಿಣ ಪ್ರಶ್ನೆಯುಂಟು. ಪ್ರಾರ್ಥನೆಮಾಡಿದರೂ ಗುಣಹೊಂದದವರ ಗತಿಯೇನು? ಅವರಿಗೆ ನಂಬಿಕೆ ಸಾಲದೆಂದು ಹೇಳುವವರಿದ್ದಾರೆ. ಇದು ಕ್ರೂರವಾದ ಮಾತು, ಸತ್ಯವೇದದ ಮಾತಲ್ಲ. ಪೌಲನು ತನ್ನ ಶರೀರದಲ್ಲಿ ನಾಟಿದ ಶೂಲಕ್ಕಾಗಿ ಮೂರು ಸಾರಿ ಬೇಡಿಕೊಂಡನು, ಅದು ತೆಗೆಯಲ್ಪಡಲಿಲ್ಲ. ಅವನ ಸಂಗಡಿಗನಾದ ತ್ರೊಫಿಮನು ಮಿಲೇತದಲ್ಲಿ ಅಸ್ವಸ್ಥನಾಗಿಯೇ ಉಳಿದನು. ಹುಟ್ಟುಕುರುಡನನ್ನು ಕಂಡು, ಇದು ಯಾರ ಪಾಪದ ಫಲವೆಂದು ಶಿಷ್ಯರು ಕೇಳಿದಾಗ, ಅವನದೂ ಅಲ್ಲ, ಅವನ ತಂದೆತಾಯಿಗಳದೂ ಅಲ್ಲ ಎಂಬರ್ಥದ ಉತ್ತರವೇ ಬಂದಿತು. ಎದ್ದ ಹುಡುಗಿಯೂ ಗುಣಹೊಂದಿದ ಸ್ತ್ರೀಯೂ ಮುಂದೆ ಒಂದು ದಿನ ಎಲ್ಲರಂತೆ ಮರಣಹೊಂದಿದರು. ಹೀಗಿರಲಾಗಿ, ಮಹತ್ಕಾರ್ಯವು ಎಲ್ಲಾ ರೋಗಗಳಿಗೂ ಕೊಟ್ಟ ಮಾತಲ್ಲ. ರೋಗಿಯನ್ನು ದೇವರು ದೂರತಳ್ಳುವುದಿಲ್ಲವೆಂಬದಕ್ಕೆ ಅದು ಸೂಚನೆಯು.

ಇದರಿಂದ ವೈದ್ಯವೃತ್ತಿಗೆ ಕುಂದೇನೂ ಇಲ್ಲ. ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯಲ್ಲಿ ಲೂಕನೇ ಪ್ರಿಯ ವೈದ್ಯನೆನಿಸಿದ್ದಾನೆ. ತಿಂಡಿವನಂ ಎಂಬ ಊರಿನಲ್ಲಿ ಹೆರಿಗೆಯ ಸಂಕಟದಲ್ಲಿದ್ದ ಮೂವರು ಸ್ತ್ರೀಯರು, ಪುರುಷವೈದ್ಯನು ಮುಟ್ಟಬಾರದೆಂಬ ಕಟ್ಟುಪಾಡಿನಿಂದ ಒಂದೇ ರಾತ್ರಿಯಲ್ಲಿ ತೀರಿಕೊಂಡರು. ಅದನ್ನು ಕಂಡ ಇಡಾ ಸ್ಕಡರ್ ಎಂಬ ಯುವತಿಯು ವೈದ್ಯಶಾಸ್ತ್ರವನ್ನು ಕಲಿತು ಮರಳಿಬಂದು, ೧೯೧೮ರಲ್ಲಿ ನಮ್ಮ ನೆರೆಯ ವೆಲ್ಲೂರಿನಲ್ಲಿ ಸ್ತ್ರೀಯರಿಗಾಗಿ ವೈದ್ಯಕೀಯ ಶಾಲೆಯನ್ನು ತೆರೆದಳು. ಯಾರೂ ಮುಟ್ಟದವರನ್ನು ಮುಟ್ಟುವ ಕೈಗಳು ಹೀಗೆ ಸಿದ್ಧವಾದವು.

ಪ್ರಿಯ ವಿದ್ಯಾರ್ಥಿನಿಯರೇ, ಎಲ್ಲರೂ ವೈದ್ಯರಾಗಲಾರಿರಿ. ಆದರೆ ಈ ವೃತ್ತಾಂತದ ಕೊನೆಯ ಮಾತನ್ನು ಮರೆಯಬೇಡಿರಿ. ಮನೆಯವರೆಲ್ಲರೂ ಬೆರಗಾಗಿ ನಿಂತಿರುವಾಗ, ಹುಡುಗಿಗೆ ಊಟಕ್ಕೆ ಕೊಡಬೇಕೆಂದು ಸ್ವಾಮಿಯು ಅಪ್ಪಣೆಮಾಡುತ್ತಾನೆ. ಎಬ್ಬಿಸುವುದು ಆತನ ಕೆಲಸ. ಉಣಬಡಿಸುವುದನ್ನು ಮನೆಯವರಿಗೇ ಬಿಟ್ಟನು. ನಿಮ್ಮ ತರಗತಿಯಲ್ಲಿ ಬಹುಕಾಲದಿಂದ ಅಸ್ವಸ್ಥಳಾಗಿರುವ ಗೆಳತಿಯಿದ್ದರೆ, ಆಕೆಯ ನಂಬಿಕೆಯನ್ನು ಅಳೆಯಲು ಹೋಗಬೇಡಿರಿ. ಆಕೆಯ ಮನೆಗೆ ಹೋಗಿರಿ, ಪಕ್ಕದಲ್ಲಿ ಕೂತುಕೊಳ್ಳಿರಿ, ಹೆಸರು ಹಿಡಿದು ಕರೆಯಿರಿ, ಗಂಜಿಯ ಬಟ್ಟಲನ್ನು ಕೈಗೆ ಕೊಡಿರಿ. ಇಷ್ಟು ಮಾತ್ರ ನಮ್ಮಿಂದ ಆಗತಕ್ಕದ್ದು. ಇಷ್ಟನ್ನೇ ಆತನು ನಮ್ಮಿಂದ ಕೇಳಿದ್ದು.