ನೆರವಿನ ಸಂತಾನ ಚಿಕಿತ್ಸೆ: ಯಶಸ್ಸನ್ನು ನಿರ್ಧರಿಸುವ ಅಂಶಗಳು

1986ರ ಆಗಸ್ಟ್ 6ರಂದು ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ, ಡಾ. ಇಂದಿರಾ ಹಿಂದುಜಾ ಅವರ ತಂಡದ ಪ್ರಯತ್ನದಿಂದ ಪ್ರನಾಳ ಶಿಶುವೊಂದು ಜನಿಸಿತು. ಅನಂತರ ಈ ಚಿಕಿತ್ಸೆ ದೇಶದ ಅನೇಕ ನಗರಗಳಿಗೆ ಹರಡಿದೆ. ಆದರೂ ಪ್ರತಿಯೊಂದು ಪ್ರಯತ್ನವೂ ಫಲಿಸುವುದಿಲ್ಲ.

ಯಶಸ್ಸನ್ನು ನಿರ್ಧರಿಸುವ ಅಂಶಗಳಲ್ಲಿ ಸ್ತ್ರೀಯ ವಯಸ್ಸು ಪ್ರಮುಖವಾದುದು. 35 ವರ್ಷಗಳ ನಂತರ ಅಂಡಾಣುಗಳ ಸಂಖ್ಯೆ, ಗುಣಮಟ್ಟಗಳೆರಡೂ ಬೇಗನೆ ಕುಗ್ಗುತ್ತವೆ. ಜನನಾಂಗದ ಕ್ಷಯ, ಗರ್ಭಕೋಶದ ದೋಷ, ಅತಿಯಾದ ದೇಹತೂಕ, ದಂಪತಿಗಳಲ್ಲಿ ಯಾರೊಬ್ಬರ ತಂಬಾಕು ಸೇವನೆಯೂ ಅಡ್ಡಿಯಾಗಬಲ್ಲವು.

ಪುರುಷನ ವೃತ್ತಿಯನ್ನೂ ಗಮನಿಸಬೇಕು. ಡೊಂಬಿವಲಿ ಎಂಐಡಿಸಿಯಂತಹ ರಾಸಾಯನಿಕ ಕಾರ್ಖಾನೆಗಳ ಪ್ರದೇಶದಲ್ಲಿ ದುಡಿಯುವವರಿಗೆ ಇದು ವಿಶೇಷವಾಗಿ ಅನ್ವಯಿಸುತ್ತದೆ. ಸೀಸ, ಕೆಲವು ದ್ರಾವಕಗಳು ಹಾಗೂ ಅತಿಯಾದ ಶಾಖ ವೀರ್ಯಾಣುಗಳಿಗೆ ಹಾನಿಕರ. ಡಿಬಿಸಿಪಿ ಎಂಬ ಕೃಷಿ ರಾಸಾಯನಿಕವನ್ನು ತಯಾರಿಸುತ್ತಿದ್ದ ಕ್ಯಾಲಿಫೋರ್ನಿಯದ ಕಾರ್ಮಿಕರಲ್ಲಿ 1977ರಲ್ಲಿ ಸಂತಾನಶಕ್ತಿಯ ನಷ್ಟ ಪತ್ತೆಯಾಗಿತ್ತು. ವೀರ್ಯಾಣು ರೂಪುಗೊಳ್ಳಲು ಸುಮಾರು ಎರಡೂವರೆ ತಿಂಗಳು ಬೇಕು. ಆದುದರಿಂದ ಮುಖಗವಸು, ಕೈಗವಸುಗಳ ಬಳಕೆ ಮತ್ತು ತಂಬಾಕು ತ್ಯಾಗ ಚಿಕಿತ್ಸೆಗೆ ಮೂರು ತಿಂಗಳು ಮೊದಲೇ ಆರಂಭವಾಗಬೇಕು. ತಮ್ಮ ಕೆಲಸದ ಸ್ವರೂಪವನ್ನು ವೈದ್ಯರಿಗೆ ತಿಳಿಸಬೇಕು.

2021ರ ಕಾಯಿದೆಯನ್ವಯ ನೋಂದಾಯಿತವಾದ ಚಿಕಿತ್ಸಾಲಯವನ್ನೇ ಆರಿಸಿಕೊಳ್ಳುವುದು ಅವಶ್ಯ. ಮಕ್ಕಳಾಗದಿರುವುದು ಸ್ತ್ರೀಯೊಬ್ಬಳ ದೋಷವಲ್ಲ. ಪತಿಪತ್ನಿಯರಿಬ್ಬರೂ ಜೊತೆಯಾಗಿಯೇ ಪರೀಕ್ಷೆಗೆ ಒಳಗಾಗಬೇಕು.