ಕೊಂಬುಚ ಕೊಳ್ಳುವ ಮುನ್ನ ಬಾಟಲಿ ತಿರುಗಿಸು

ಮಗಳೇ, ಕೋಲಾ ಬಿಟ್ಟು ಕೊಂಬುಚ ಕುಡಿಯುತ್ತಿದ್ದೀಯೆಂದು ಕೇಳಿ ಸಂತೋಷವಾಯಿತು. ಆದರೆ ಬೆಂಗಳೂರಿನ ಅಂಗಡಿಗಳಲ್ಲಿ ಸಾಲುಸಾಲು ಬಾಟಲಿ, ಯಾವುದನ್ನು ಎಷ್ಟು ಸಂಸ್ಕರಿಸಿದ್ದಾರೋ ತಿಳಿಯದೆ ಗೊಂದಲವಾಗಿದೆ ಅಂದೆಯಲ್ಲ. ಇಷ್ಟು ವರ್ಷ ರಸಾಯನಶಾಸ್ತ್ರ ಪಾಠ ಮಾಡಿದ ದೊಡ್ಡಮ್ಮ ನಾನು, ಗೊತ್ತಿರುವುದನ್ನು ಬರೆದಿದ್ದೇನೆ. ಫೋನಿನಲ್ಲಿ ಇಟ್ಟುಕೋ, ಅಂಗಡಿಯಲ್ಲಿ ನೋಡಲು ಆಗುತ್ತದೆ.

• ಮೊದಲು ಅದು ಹೇಗಾಗುತ್ತದೆಂದು ತಿಳಿದುಕೋ. ಸಕ್ಕರೆ ಹಾಕಿದ ಚಹಾ ಡಿಕಾಕ್ಷನ್ ಆರಿದ ಮೇಲೆ, ಅದಕ್ಕೆ ಹಳೆಯ ಕೊಂಬುಚವನ್ನೂ ಸ್ಕೋಬಿ ಎನ್ನುವ ದಪ್ಪ ಪದರವನ್ನೂ ಸೇರಿಸಿ ಒಂದೆರಡು ವಾರ ಇಡುತ್ತಾರೆ. ಯೀಸ್ಟ್ ಸಕ್ಕರೆಯನ್ನು ಆಲ್ಕೋಹಾಲ್ ಮತ್ತು ಗುಳ್ಳೆಯಾಗಿ ಮಾಡುತ್ತದೆ. ಬ್ಯಾಕ್ಟೀರಿಯಾ ಆ ಆಲ್ಕೋಹಾಲನ್ನು ಅಸಿಟಿಕ್ ಆಮ್ಲ ಮಾಡುತ್ತದೆ, ವಿನೆಗರಿನಲ್ಲಿರುವುದೂ ಇದೇ. ಇಲ್ಲಿಯವರೆಗೆ ಎಲ್ಲ ಬಾಟಲಿಯ ಕಥೆಯೂ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸವೆಲ್ಲ ಹುದುಗಿದ ಮೇಲೆ ಏನು ಮಾಡಿದರು ಎನ್ನುವುದರಲ್ಲಿದೆ.

• ಸಂಸ್ಕರಣೆ ಎಂಬ ಮಾತಿಗೇ ಹೆದರಬೇಡ. ಚಹಾ ಎಲೆಯನ್ನು ಬಾಡಿಸಿ, ಹೊಸಕಿ, ಒಣಗಿಸುವುದೂ ಸಂಸ್ಕರಣೆಯೇ. ಬ್ರೆಜಿಲ್‌ನ ಕಾರ್ಲೋಸ್ ಮೊಂಟೇರೊ ಮತ್ತು ಸಂಗಡಿಗರು ರೂಪಿಸಿದ ನೋವಾ ವಿಂಗಡಣೆಯಲ್ಲಿ ಆಹಾರಕ್ಕೆ 4 ಗುಂಪುಗಳಿವೆ. ಹುದುಗಿಸಿದ ಮಾತ್ರಕ್ಕೆ, ಪಾಶ್ಚರೀಕರಿಸಿದ ಮಾತ್ರಕ್ಕೆ ಒಂದು ಪಾನೀಯ ಕೊನೆಯ ಗುಂಪಿಗೆ, ಅಂದರೆ ಅತಿಸಂಸ್ಕರಿತದ ಗುಂಪಿಗೆ ಬೀಳುವುದಿಲ್ಲ. ಅಲ್ಲಿಗೆ ತಳ್ಳುವುದು ಫ್ಲೇವರ್, ಬಣ್ಣ, ಸಕ್ಕರೆಗೆ ಬದಲಾಗಿ ಹಾಕುವ ಸಿಹಿಕಾರಕ, ಇಂಥವು. ಆದ್ದರಿಂದ ಬಾಟಲಿಯ ಮುಂದೆ ದೊಡ್ಡಕ್ಷರದಲ್ಲಿ 'ನ್ಯಾಚುರಲ್' ಎಂದಿದ್ದರೆ ಅಲ್ಲಿಗೇ ನಿಲ್ಲದೆ, ಬಾಟಲಿ ತಿರುಗಿಸಿ ಹಿಂದಿನ ಸಣ್ಣಕ್ಷರ ಓದು.

• ಪದಾರ್ಥಗಳ ಪಟ್ಟಿಯಲ್ಲಿ ಹೆಚ್ಚು ಇರುವುದು ಮೊದಲು, ಕಡಿಮೆ ಇರುವುದು ಕೊನೆಗೆ ಬರುತ್ತದೆ. ನೀರು, ಚಹಾ, ಸಕ್ಕರೆ, ಕೊಂಬುಚ ಕಲ್ಚರ್, ಜೊತೆಗೆ ಶುಂಠಿಯೋ ಹಣ್ಣಿನ ರಸವೋ ಇದ್ದರೆ ಧಾರಾಳವಾಗಿ ತೆಗೆದುಕೋ. 'ಕಾರ್ಬೊನೇಟೆಡ್ ವಾಟರ್', 'ಕೊಂಬುಚ ಕಾನ್ಸಂಟ್ರೇಟ್' ಎಂದಿದ್ದರೆ ಗಟ್ಟಿ ಹುಳಿಯನ್ನು ಸೋಡಾದಲ್ಲಿ ತೆಳು ಮಾಡಿದ್ದಾರೆ ಎಂದರ್ಥ. ಕುಡಿದರೆ ಕೆಡುಕೇನಿಲ್ಲ, ಆದರೆ ಅದಕ್ಕೆ ಕೊಂಬುಚದ ದರ ಕೊಡಬೇಕಾಗಿಲ್ಲ. ಪಟ್ಟಿಯಲ್ಲಿ ಸೇರ್ಪಡೆಗಳಿಗೆ ಕೊಡುವ ಕೆಲವು ಸಂಕೇತ ಸಂಖ್ಯೆ ನೆನಪಿಟ್ಟುಕೋ: 960 ಸ್ಟೀವಿಯಾ, 955 ಸುಕ್ರಲೋಸ್, 968 ಎರಿತ್ರಿಟಾಲ್, 211 ಸೋಡಿಯಂ ಬೆಂಜೊಯೇಟ್, 202 ಪೊಟ್ಯಾಶಿಯಂ ಸಾರ್ಬೇಟ್, 330 ಸಿಟ್ರಿಕ್ ಆಮ್ಲ. ಸರಿಯಾಗಿ ಹುದುಗಿದ ಕೊಂಬುಚಕ್ಕೆ ತನ್ನದೇ ಹುಳಿಯಿರುತ್ತದೆ. 330 ಕಂಡರೆ ಹುಳಿ ಸಾಲದೆ ಮೇಲಿಂದ ಸೇರಿಸಿದ್ದಾರೆಂದು ನಾನು ಎಣಿಸುತ್ತೇನೆ.

• ಸಕ್ಕರೆಯ ಲೆಕ್ಕ ನೀನೇ ಹಾಕು. ಲೇಬಲ್ಲಿನಲ್ಲಿ 100 ಮಿ.ಲೀ.ಗೆ ಎಷ್ಟು ಎಂದಿರುತ್ತದೆ, ನೀನು ಕುಡಿಯುವುದು ಇಡೀ ಬಾಟಲಿ. 100 ಮಿ.ಲೀ.ಗೆ 6 ಗ್ರಾಂ ಇದ್ದರೆ 330 ಮಿ.ಲೀ. ಬಾಟಲಿಯಲ್ಲಿ 20 ಗ್ರಾಂ, ಅಂದರೆ ಸುಮಾರು 5 ಚಮಚ. ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸಾಮಾನ್ಯವಾಗಿ ಲೀಟರಿಗೆ 50ರಿಂದ 100 ಗ್ರಾಂ ಸಕ್ಕರೆಯಿಂದ ಶುರುಮಾಡುತ್ತಾರೆ, ಹುದುಗುತ್ತಾ ಅದು ಇಳಿಯುತ್ತದೆ. 100 ಮಿ.ಲೀ.ಗೆ 2ರಿಂದ 4 ಗ್ರಾಂ ಇರುವುದು ನನಗೆ ಒಪ್ಪಿಗೆ. 7, 8 ಇದ್ದರೆ ಒಂದೋ ಸರಿಯಾಗಿ ಹುದುಗಿಲ್ಲ, ಇಲ್ಲವೇ ಆಮೇಲೆ ಸಿಹಿ ಸುರಿದಿದ್ದಾರೆ. 'ಶುಗರ್ ಫ್ರೀ' ಎಂದಿದ್ದೂ ಬಾಯಿಗೆ ಸಿಹಿಯಾಗಿದ್ದರೆ ಮೇಲಿನ ಮೊದಲ ಮೂರು ಸಂಖ್ಯೆಗಳಲ್ಲಿ ಯಾವುದಾದರೂ ಇದೆಯೇ ಎಂದು ಹುಡುಕು. ತೂಕ ಇಳಿಸಲು ಸ್ಟೀವಿಯಾ, ಸುಕ್ರಲೋಸ್‌ನಂಥ ಸಿಹಿಕಾರಕ ನೆಚ್ಚಿಕೊಳ್ಳಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ.

• ಫ್ರಿಜ್ಜಿನಲ್ಲಿ ಇಟ್ಟು ಮಾರುತ್ತಾರೋ, ಹೊರಗಿನ ಶೆಲ್ಫಿನಲ್ಲೋ? ತಿಂಗಳುಗಟ್ಟಲೆ ಹೊರಗೇ ಇರಬಲ್ಲದ್ದು ಬಹುತೇಕ ಬಿಸಿ ಮಾಡಿದ್ದು, ಇಲ್ಲವೇ ಸೂಕ್ಷ್ಮವಾಗಿ ಸೋಸಿದ್ದು. ಅದರಲ್ಲಿ ಜೀವಂತ ಕಲ್ಚರ್ ಉಳಿದಿರುವುದು ಕಷ್ಟ. ಕೆಲವರು ಬಿಸಿ ಮಾಡಿದ ಮೇಲೆ ಬ್ಯಾಸಿಲಸ್ ಕೋಆಗ್ಯುಲನ್ಸ್ ಎಂಬ ಬ್ಯಾಕ್ಟೀರಿಯಾ ಬೆರೆಸಿ 'ಪ್ರೋಬಯಾಟಿಕ್' ಎಂದು ಬರೆಯುತ್ತಾರೆ. ಅದು ಕೊಂಬುಚದಲ್ಲಿ ತಾನಾಗಿ ಬೆಳೆದದ್ದಲ್ಲ. ನಿನ್ನ ಹೊಟ್ಟೆ ಗಟ್ಟಿಯಿದೆ, ಬಿಸಿ ಮಾಡದ 'ರಾ' ಬಾಟಲಿಯನ್ನೇ ಕೊಳ್ಳು. ತಳದಲ್ಲಿ ಕಂದು ಎಳೆ, ಗಷ್ಟು ಕಂಡರೆ ಗಾಬರಿಪಡಬೇಡ.

• ಎಲ್ಲರಿಗೂ 'ರಾ' ಒಗ್ಗುವುದಿಲ್ಲ. ಬಸುರಿಯರು, ಕೀಮೊ ಆಗುತ್ತಿರುವವರು, ಅಂಗಾಂಗ ಕಸಿ ಮಾಡಿಸಿಕೊಂಡವರು ಅದನ್ನು ಮುಟ್ಟಬಾರದು. ಇಂಥವರ ಮನೆಯಲ್ಲಿ ಪಾಶ್ಚರೀಕರಿಸಿದ್ದೇ ಸರಿ, ಅದನ್ನೂ ವೈದ್ಯರನ್ನು ಕೇಳಿಯೇ. ಚಿಕ್ಕ ಮಕ್ಕಳಿಗೆ ಯಾವುದೂ ಬೇಡ. ಚಹಾದ ಕೆಫೀನ್ ಅದರಲ್ಲಿ ಇದ್ದೇ ಇರುತ್ತದೆ.

• ಆಲ್ಕೋಹಾಲಿನ ವಿಷಯ ಮುಚ್ಚಿಡುವುದಿಲ್ಲ. ಸ್ವಲ್ಪ ಇದ್ದೇ ಇರುತ್ತದೆ. ನಮ್ಮ ದೇಶದ ಎಫ್‌ಎಸ್‌ಎಸ್‌ಎಐ ನಿಯಮದಲ್ಲಿ 0.5 ಶೇಕಡಾ ದಾಟಿದರೆ ಅದು ಮದ್ಯದ ಲೆಕ್ಕ. ಅಮೆರಿಕದಲ್ಲೂ ಗಡಿ ಅಷ್ಟೇ. 2010ರಲ್ಲಿ ಅಲ್ಲಿನ ಹೋಲ್ ಫುಡ್ಸ್ ಅಂಗಡಿಗಳು ಇದೇ ಕಾರಣಕ್ಕೆ ಕೊಂಬುಚವನ್ನು ಶೆಲ್ಫಿನಿಂದ ಇಳಿಸಿದ್ದವು. 'ರಾ' ಬಾಟಲಿಯನ್ನು ಬಿಸಿಲಲ್ಲಿ ನಿಂತ ಕಾರಿನಲ್ಲಿ ಮರೆತರೆ ಒಳಗೆ ಹುದುಗುವಿಕೆ ಮುಂದುವರಿದು ಆಲ್ಕೋಹಾಲೂ ಒತ್ತಡವೂ ಏರುತ್ತವೆ. ಬಾಟಲಿ ಸಿಡಿಯಲೂಬಹುದು. ಅಂಗಡಿಯಿಂದ ನೇರ ಮನೆ, ಮನೆಯಲ್ಲಿ ನೇರ ಫ್ರಿಜ್ಜು.

• ಮನೆಯಲ್ಲೇ ಮಾಡುವ ಮನಸ್ಸಾದರೆ ಗಾಜಿನ ಭರಣಿಯನ್ನೇ ಬಳಸು. ಕಲಾಯಿಯಿಲ್ಲದ ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಕುದಿಸಬಾರದೆಂದು ನಿನ್ನಜ್ಜಿ ಹೇಳುತ್ತಿದ್ದದ್ದು ಇಲ್ಲಿಗೂ ಅನ್ವಯಿಸುತ್ತದೆ. ಹೊಳಪಿನ ಲೇಪದ ಪಿಂಗಾಣಿಯೂ ಬೇಡ. ಆಸ್ಟ್ರೇಲಿಯಾದಲ್ಲಿ ಅಂಥ ಪಾತ್ರೆಯಲ್ಲಿ ಕೊಂಬುಚ ಮಾಡಿ ಕುಡಿದವರಿಗೆ ಸೀಸದ ವಿಷವೇರಿದ್ದು ದಾಖಲಾಗಿದೆ. ಲೀಟರಿಗೆ ಕಡೇಪಕ್ಷ 100 ಮಿ.ಲೀ. ಹಳೆಯ ಕೊಂಬುಚ ಬೆರೆಸು, ಆಗ ಶುರುವಿನಿಂದಲೇ ಹುಳಿ ಕಾಪಾಡುತ್ತದೆ. ಪಿಎಚ್ ಪಟ್ಟಿ ಅದ್ದಿ ನೋಡು, 4.2ಕ್ಕಿಂತ ಕೆಳಗೆ ಇಳಿದಿರಲೇಬೇಕು. ನಮ್ಮ ಬೇಸಿಗೆಯಲ್ಲಿ ಬೇಗ ಹುಳಿಯಾಗುತ್ತದೆ, ಐದಾರು ದಿನಕ್ಕೇ ರುಚಿ ನೋಡು. ಮೇಲೆ ಒಣಗಿದ, ನೂಲುನೂಲಾದ ಹಸಿರು, ನೀಲಿ, ಕಪ್ಪು ಬೂಷ್ಟು ಕಂಡರೆ ಸ್ಕೋಬಿ ಸಮೇತ ಚೆಲ್ಲು. ಬೂಷ್ಟು ಕೆರೆದು ಕುಡಿಯುವ ಉಳಿತಾಯ ಮಾತ್ರ ಬೇಡವೇ ಬೇಡ.

• ಮೊದಲ ವಾರ ಅರ್ಧ ಲೋಟ ಸಾಕು. ಗುಟುಕು ಗುಟುಕಾಗಿ ಗಂಟೆಗಟ್ಟಲೆ ಕುಡಿದರೆ ಹುಳಿ ಹಲ್ಲಿನ ಎನಾಮಲ್ ತಿನ್ನುತ್ತದೆ. ಊಟದ ಜೊತೆ ಕುಡಿದು, ನೀರು ಮುಕ್ಕಳಿಸು.

• ನಿನ್ನಮ್ಮನಿಗೆ ಸಕ್ಕರೆ ಕಾಯಿಲೆ, ಕೊಂಬುಚ ಕೊಡಲೇ ಎಂದು ಕೇಳಿದ್ದೆ. 2023ರಲ್ಲಿ ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದವರು ಮಧುಮೇಹಿಗಳಿಗೆ 4 ವಾರ ದಿನಕ್ಕೆ ಒಂದು ಲೋಟ ಕೊಟ್ಟು ನೋಡಿದಾಗ ಖಾಲಿಹೊಟ್ಟೆಯ ಸಕ್ಕರೆ ಇಳಿದಿತ್ತು. ಆದರೆ ಆ ಪ್ರಯೋಗದಲ್ಲಿದ್ದವರು ಬರೀ 12 ಜನ. ಅದನ್ನು ನಂಬಿ ಅವಳ ಮಾತ್ರೆ ಬಿಡಿಸಬೇಡ. ರುಚಿಗೆಂದು ಕೇಳಿದರೆ ಸಕ್ಕರೆ ತೀರ ಕಡಿಮೆ ಇರುವ ಬಾಟಲಿಯಲ್ಲಿ ಕಾಲು ಲೋಟ ಕೊಡು. ದಿನವೂ ಕುಡಿಯಲು ಅವಳಿಗೆ ಮಜ್ಜಿಗೆಯೇ ಇರಲಿ, ಉಪ್ಪು ಕಡಿಮೆ ಹಾಕು.