ಸಮುದ್ರದಾಚೆಗೆ ಸೈನ್ಯ ಹೊರಡುವ ಮೊದಲು



ಹೊರದೇಶವೊಂದರಲ್ಲಿ ಉಗ್ರರ ಗುಂಪು ಅಮಾಯಕರ ರಕ್ತ ಹರಿಸುತ್ತಿರುವಾಗ ನಮ್ಮ ದೇಶ ತನ್ನ ಸೈನ್ಯವನ್ನು ಅಲ್ಲಿಗೆ ಕಳುಹಿಸಬೇಕೇ? ಶಿರಾದಲ್ಲಿ ಜುಮಾ ನಮಾಝ್ ಮುಗಿಸಿ ಹೊರಬರುವವರ ನಡುವೆಯೂ ಮಧುಗಿರಿಯ ಚಹಾ ಅಂಗಡಿಯಲ್ಲೂ ಕೇಳಬಹುದಾದ ಪ್ರಶ್ನೆ ಇದು. ಮುಸ್ಲಿಮನೊಬ್ಬ ಇದಕ್ಕೆ ಉತ್ತರಿಸಿದರೆ ಅದನ್ನು ಅವನ ದೇಶನಿಷ್ಠೆಯ ಪರೀಕ್ಷೆಯೆಂಬಂತೆ ನೋಡುವವರಿದ್ದಾರೆ. ಆ ಅಂಜಿಕೆಯಿಂದ ಕೆಲವರು ಬಾಯಿ ಮುಚ್ಚಿಕೊಳ್ಳುತ್ತಾರೆ, ಕೆಲವರು ಮನಸ್ಸಿನಲ್ಲಿಲ್ಲದ್ದನ್ನು ದೊಡ್ಡ ದನಿಯಲ್ಲಿ ಹೇಳುತ್ತಾರೆ. ಎರಡೂ ಸಲ್ಲದು. ನ್ಯಾಯದ ಸಾಕ್ಷಿಗಳಾಗಿರಬೇಕೆಂಬ ಅಪ್ಪಣೆ ಪಡೆದವರು ಯಾರ ಮುಖ ನೋಡಿಯೂ ಮಾತು ಬದಲಿಸಬಾರದು.

ನಿರಪರಾಧಿಗಳನ್ನು ಕೊಲ್ಲುವವರು, ಅದೂ ಅಲ್ಲಾಹನ ಹೆಸರೆತ್ತಿ ಕೊಲ್ಲುವವರು, ಎಷ್ಟು ದೊಡ್ಡ ಅಪರಾಧಿಗಳೆಂಬ ಬಗ್ಗೆ ನಮ್ಮಲ್ಲಿ ಗೊಂದಲವಿರಬಾರದು. ಅಲ್‌ಮಾಇದ ಅಧ್ಯಾಯದ 32ನೇ ವಚನ ಒಂದು ಜೀವದ ಕೊಲೆಯನ್ನು ಇಡೀ ಮನುಕುಲದ ಕೊಲೆಗೆ ಸಮನಾಗಿ ಇಟ್ಟಿದೆ. 2008ರ ಫೆಬ್ರವರಿಯಲ್ಲಿ ದೇವಬಂದ್‌ನಲ್ಲಿ ಸೇರಿದ ಉಲಮಾಗಳು ಭಯೋತ್ಪಾದನೆ ಇಸ್ಲಾಮಿಗೆ ವಿರುದ್ಧವೆಂದು ಬಹಿರಂಗವಾಗಿ ಸಾರಿದರು. ಹಾಗಾಗಿ ಇಷ್ಟರಲ್ಲಿ ಚರ್ಚೆಯಿಲ್ಲ. ಅವರನ್ನು ತಡೆಯಲು ಯಾರು ಹೋಗಬೇಕು, ಯಾರ ಕರೆಯ ಮೇಲೆ ಹೋಗಬೇಕು, ಎಲ್ಲಿಗೆ ನಿಲ್ಲಬೇಕು ಎಂಬುದೇ ವಿಚಾರ.

ಪ್ರವಾದಿ(ಸ)ರವರು ಪ್ರವಾದಿತ್ವಕ್ಕೆ ಮುಂಚೆ ಮಕ್ಕಾದ ಅಬ್ದುಲ್ಲಾ ಬಿನ್ ಜುದ್‌ಆನ್‌ರ ಮನೆಯಲ್ಲಿ ನಡೆದ ‘ಹಿಲ್ಫುಲ್ ಫುಝೂಲ್’ ಎಂಬ ಒಪ್ಪಂದದಲ್ಲಿ ಭಾಗವಹಿಸಿದ್ದರು. ಯಮನ್‌ನಿಂದ ಬಂದ ವ್ಯಾಪಾರಿಯೊಬ್ಬನ ಸರಕು ಪಡೆದ ಕುರೈಶ್ ಮುಖಂಡನೊಬ್ಬ ಹಣ ಕೊಡಲಿಲ್ಲ. ಆ ಪರದೇಶಿಗೆ ಮಕ್ಕಾದಲ್ಲಿ ದಿಕ್ಕಿರಲಿಲ್ಲ. ಕೆಲವು ಗೋತ್ರಗಳವರು ಒಂದಾಗಿ, ಮರ್ದಿತನು ಯಾರೇ ಆಗಿರಲಿ, ಅವನ ಹಕ್ಕು ಮರಳಿ ಸಿಗುವ ತನಕ ಅವನ ಜೊತೆ ನಿಲ್ಲುತ್ತೇವೆಂದು ಪ್ರತಿಜ್ಞೆ ಮಾಡಿದರು. ಅಂಥ ಕರೆ ಬಂದರೆ ಈಗಲೂ ಓಗೊಡುವೆನೆಂದು ಪ್ರವಾದಿ(ಸ)ರವರು ಮುಂದೆ ಹೇಳಿದ್ದುಂಟು. ಅನ್ಯಾಯ ತಡೆಯಲು ಅನ್ಯರ ಜೊತೆ ಕೈಜೋಡಿಸುವುದು ನಮಗೆ ಹೊಸತಲ್ಲ ಎಂಬುದಕ್ಕೆ ಇದೇ ಆಧಾರ. ಆದರೆ ಅಲ್ಲಿ ಒಂದು ಖಚಿತ ಅನ್ಯಾಯವಿತ್ತು, ಸಹಾಯ ಬೇಡಿದವನಿದ್ದ, ಹಕ್ಕು ಸಿಕ್ಕ ಮೇಲೆ ಕೆಲಸ ಮುಗಿಯುತ್ತಿತ್ತು. ಯಾರೂ ಆ ನೆಪದಲ್ಲಿ ಇನ್ನೊಬ್ಬರ ಮನೆಯಲ್ಲಿ ಬೀಡು ಬಿಡಲಿಲ್ಲ.

ಈ ಅಳತೆಗೋಲಿನಿಂದ ನಮ್ಮ ದೇಶದ ಅನುಭವಗಳನ್ನೇ ಅಳೆದು ನೋಡೋಣ. 1988ರ ನವೆಂಬರ್ 3ರಂದು ಶ್ರೀಲಂಕಾದಿಂದ ಬಂದ ಸಶಸ್ತ್ರ ಗುಂಪೊಂದು ಮಾಲ್ಡೀವ್ಸ್‌ನ ರಾಜಧಾನಿ ಮಾಲೆಯನ್ನು ವಶಪಡಿಸಿಕೊಳ್ಳಲು ಮುಂದಾಯಿತು. ಅಧ್ಯಕ್ಷ ಗಯೂಮ್ ಸಹಾಯ ಕೇಳಿದರು. ಅಂದು ರಾತ್ರಿಯೇ ಆಗ್ರಾದಿಂದ ಹೊರಟ ನಮ್ಮ ಯೋಧರು ಹುಲುಲೆಯಲ್ಲಿ ಇಳಿದು ಗುಂಪನ್ನು ಹಿಮ್ಮೆಟ್ಟಿಸಿದರು. ಕೆಲಸ ಮುಗಿಯಿತು, ಸೈನ್ಯ ಮರಳಿತು. ನನ್ನ ದೃಷ್ಟಿಯಲ್ಲಿ ಅದು ಸರಿಯಾದ ಕ್ರಮ.

ಅದೇ ಕಾಲದಲ್ಲಿ ಪಕ್ಕದ ದ್ವೀಪದಲ್ಲಿ ನಡೆದದ್ದು ಬೇರೆ ಕತೆ. 1987ರ ಜುಲೈ 29ರ ಒಪ್ಪಂದದಂತೆ ಶಾಂತಿ ಕಾಯಲು ಶ್ರೀಲಂಕಾಕ್ಕೆ ಹೋದ ನಮ್ಮ ಸೈನ್ಯ ಕೆಲವೇ ತಿಂಗಳಲ್ಲಿ ಎಲ್‌ಟಿಟಿಇ ಜೊತೆ ಯುದ್ಧದಲ್ಲಿ ಸಿಕ್ಕಿಬಿತ್ತು. ಸರಕಾರದ ಕರೆ ಇತ್ತು, ಒಪ್ಪಂದ ಇತ್ತು. ಎಲ್ಲಿ ನಿಲ್ಲಬೇಕು ಎಂಬುದು ಮಾತ್ರ ಯಾರಿಗೂ ಸ್ಪಷ್ಟವಿರಲಿಲ್ಲ. 1990ರ ಮಾರ್ಚ್‌ನಲ್ಲಿ ಮರಳುವ ಹೊತ್ತಿಗೆ ಸುಮಾರು 1,200 ಯೋಧರು ಪ್ರಾಣ ತೆತ್ತಿದ್ದರು. ಮುಂದೆ 1991ರ ಮೇ 21ರಂದು ಶ್ರೀಪೆರಂಬುದೂರಿನಲ್ಲಿ ರಾಜೀವ್ ಗಾಂಧಿಯವರ ಹತ್ಯೆಯಾಯಿತು. ಆ ಸಂಚಿನ ಮುಖ್ಯ ಆರೋಪಿ ಶಿವರಾಸನ್ ಅದೇ ಆಗಸ್ಟ್‌ನಲ್ಲಿ ಸತ್ತು ಸಿಕ್ಕಿದ್ದು ಬೆಂಗಳೂರಿನ ಕೋಣನಕುಂಟೆಯ ಒಂದು ಮನೆಯಲ್ಲಿ. ದೂರದ ಯುದ್ಧ ತುಮಕೂರು ರಸ್ತೆಯ ತುದಿಗೆ ಬಂದು ನಿಂತಿತ್ತು.

2003ರಲ್ಲಿ ಅಮೆರಿಕವು ಇರಾಕಿಗೆ ಸೈನ್ಯ ಕಳುಹಿಸುವಂತೆ ನಮ್ಮನ್ನು ಕೇಳಿತು. ಆ ಏಪ್ರಿಲ್‌ನಲ್ಲೇ ಲೋಕಸಭೆ ಯುದ್ಧವನ್ನು ಖಂಡಿಸುವ ಗೊತ್ತುವಳಿ ಅಂಗೀಕರಿಸಿತ್ತು. ಜುಲೈ 14ರಂದು ವಾಜಪೇಯಿ ಸರಕಾರ ವಿಶ್ವಸಂಸ್ಥೆಯ ಸ್ಪಷ್ಟ ಆದೇಶವಿಲ್ಲದೆ ಸೈನ್ಯ ಕಳುಹಿಸಲಾಗದು ಎಂದಿತು. ಯುದ್ಧಕ್ಕೆ ಕಾರಣವೆಂದು ಹೇಳಿದ ಸಮೂಹನಾಶಕ ಅಸ್ತ್ರಗಳು ಕೊನೆಗೂ ಸಿಗಲಿಲ್ಲ. ಸುದ್ದಿ ಬಂದಾಗ ಮೊದಲು ಪರಿಶೀಲಿಸಿ, ಅರಿಯದೆ ಒಂದು ಜನಾಂಗಕ್ಕೆ ಹಾನಿ ಮಾಡಬೇಡಿ ಎಂಬ ಅಲ್‌ಹುಜುರಾತ್ 6ನೇ ವಚನದ ಆಶಯವನ್ನು ಇದಕ್ಕಿಂತ ಚೆನ್ನಾಗಿ ವಿವರಿಸುವ ಉದಾಹರಣೆ ಕಾಣೆ.

ಆ ಅರಾಜಕತೆಯಲ್ಲೇ ಬೆಳೆದ ಐಸಿಸ್ 2014ರ ಜೂನ್‌ನಲ್ಲಿ ಮೋಸುಲ್ ಹಿಡಿಯಿತು. ಇಲ್ಲಿ ಪ್ರಶ್ನೆ ನಿಜಕ್ಕೂ ಕಠಿಣವಾಗುತ್ತದೆ. ಈ ಬಾರಿ ಇರಾಕ್ ಸರಕಾರವೇ ಸಹಾಯ ಕೇಳಿತ್ತು. ಸಿಂಜಾರ್‌ನಲ್ಲಿ ಯಝೀದಿಗಳ ಕೊಲೆಯಾಗುತ್ತಿತ್ತು, ಅವರ ಹೆಣ್ಣುಮಕ್ಕಳನ್ನು ಮಾರಲಾಗುತ್ತಿತ್ತು. ದುರ್ಬಲ ಗಂಡಸರು, ಹೆಂಗಸರು, ಮಕ್ಕಳು ಮೊರೆಯಿಡುವಾಗ ನಿಮಗೇನಾಗಿದೆ ಎಂದು ಕೇಳುವ ಅನ್ನಿಸಾ 75ನೇ ವಚನವನ್ನು ಓದುವವನು ‘ನಮಗೇಕೆ’ ಎಂದು ಸುಮ್ಮನಿರಲಾರ. ಹೋದವರೆಲ್ಲ ತಪ್ಪು ಮಾಡಿದರೆಂದು ನಾನು ಹೇಳಲಾರೆ. ಹಾಗಿದ್ದೂ ಭಾರತ ಆ ಒಕ್ಕೂಟ ಸೇರದಿದ್ದುದನ್ನು ತಪ್ಪೆನ್ನಲಾಗದು. ಲಕ್ಷಾಂತರ ಭಾರತೀಯರು ಆ ಪ್ರದೇಶದಲ್ಲಿ ದುಡಿಯುತ್ತಿದ್ದರು. ತಿಕ್ರೀತ್‌ನಲ್ಲಿ ಸಿಲುಕಿದ 46 ನರ್ಸ್‌ಗಳು 2014ರ ಜುಲೈನಲ್ಲಿ ಜೀವಂತವಾಗಿ ಕೊಚ್ಚಿಗೆ ಮರಳಿದರು. 2015ರಲ್ಲಿ ಲಿಬಿಯಾದ ಸಿರ್ತ್‌ನಲ್ಲಿ ಅಪಹೃತರಾದ ಉಪನ್ಯಾಸಕರಲ್ಲಿ ಇಬ್ಬರು ಕನ್ನಡಿಗರು ಕೆಲವೇ ದಿನಗಳಲ್ಲಿ ಬಿಡುಗಡೆಯಾದರು. ಮೋಸುಲ್‌ನಲ್ಲಿ ಅಪಹರಿಸಲ್ಪಟ್ಟ 39 ಕಾರ್ಮಿಕರಿಗೆ ಆ ಭಾಗ್ಯವಿರಲಿಲ್ಲ. ಅವರು ಹತರಾದರೆಂದು 2018ರ ಮಾರ್ಚ್‌ನಲ್ಲಿ ಸಂಸತ್ತಿಗೆ ತಿಳಿಸಲಾಯಿತು. ಕೊಲ್ಲಿಗೆ ದುಡಿಯಲು ಮಗನನ್ನು ಕಳುಹಿಸಿದ ಕೊರಟಗೆರೆಯ ತಾಯಿಗೆ ಇದು ರಾಜತಂತ್ರದ ವಿಷಯವಲ್ಲ. ಸೈನ್ಯ ಕಳುಹಿಸದಿದ್ದ ಮಾತ್ರಕ್ಕೆ ದೇಶ ಕೈಕಟ್ಟಿ ಕುಳಿತಿರಲೂ ಇಲ್ಲ, ಐಸಿಸ್ ಅನ್ನು ನಿಷೇಧಿಸಿತು, ಅತ್ತ ಹೊರಟವರ ಮೇಲೆ ಮೊಕದ್ದಮೆ ಹೂಡಿತು.

ಅತ್ತ ಹೊರಟವರೆಂದೆ. ದೇಶ ಹೋಗದಿದ್ದರೆ ತಾನೇ ಹೋಗುತ್ತೇನೆಂದು ಹೊರಡುವ ಹುಡುಗನಿಗೆ ಯಾವ ಅಧಿಕಾರವಿದೆ? ಧರ್ಮದ ಹೆಸರಿನಲ್ಲಿ ಸಹಾಯ ಕೇಳಿದವರಿಗೆ ನೆರವಾಗಿರಿ, ಆದರೆ ನಿಮ್ಮೊಂದಿಗೆ ಕರಾರು ಇರುವ ಜನರ ವಿರುದ್ಧ ಅಲ್ಲ ಎಂಬುದು ಅಲ್‌ಅನ್‌ಫಾಲ್ 72ನೇ ವಚನದ ಸಾರ. ಹುದೈಬಿಯಾದಲ್ಲಿ ಸಂಕೋಲೆಯಲ್ಲಿ ಬಂದು ಬಿದ್ದ ಅಬೂಜಂದಲ್(ರ)ರನ್ನು ಕರಾರಿಗಾಗಿ ಪ್ರವಾದಿ(ಸ)ರವರು ಮರಳಿ ಕಳುಹಿಸಿದರು. ನೋಡುತ್ತಿದ್ದ ಸಹಾಬಿಗಳಿಗೆ ಅದು ಸುಲಭವಾಗಿರಲಿಲ್ಲ. ಪೌರತ್ವವೂ ಒಂದು ಕರಾರು. ಯುದ್ಧ ಸಾರುವುದು ಫೋನಿನಲ್ಲಿ ಭಾಷಣ ಕೇಳಿದವನ ಕೆಲಸವಲ್ಲ.

ನಮ್ಮ ನೆಲಕ್ಕೂ ಸೈನ್ಯಗಳ ರುಚಿ ಗೊತ್ತು. 1687ರಲ್ಲಿ ಶಿರಾಕ್ಕೆ ಮೊಘಲರು ಬಂದರು, 1761ರಲ್ಲಿ ಹೈದರಲಿ. ಮುಂದೆ ಸಾವಿರಾರು ಕುಟುಂಬಗಳನ್ನು ಶಿರಾದಿಂದೆಬ್ಬಿಸಿ ಶ್ರೀರಂಗಪಟ್ಟಣದ ಗಂಜಾಮಿಗೆ ಸಾಗಿಸಿದರೆಂದು ಗೆಜೆಟಿಯರ್ ಬರೆದಿದೆ. ಬಂದವರು ನಮ್ಮ ಹೆಸರಿನವರೇ ಆಗಿದ್ದರೆಂದು ಅದನ್ನು ಮರೆಯುವುದು ನ್ಯಾಯವಲ್ಲ. ಇನ್ನು ಪಾವಗಡ: ಮೂರು ಕಡೆ ಆಂಧ್ರ. 2005ರ ಫೆಬ್ರವರಿಯ ಒಂದು ರಾತ್ರಿ ವೆಂಕಟಮ್ಮನಹಳ್ಳಿಯಲ್ಲಿ ಬೀಡುಬಿಟ್ಟಿದ್ದ ಕೆ.ಎಸ್.ಆರ್.ಪಿ. ಪೊಲೀಸರನ್ನು ನಕ್ಸಲರು ಕೊಂದರು. ಕೊಂದವರನ್ನು ಹುಡುಕುವ ಬದಲು ಗಡಿಯಾಚೆಯ ಹಳ್ಳಿಗಳಿಗೆ ಬೆಂಕಿಯಿಡಿ ಎಂದು ಆಗ ಯಾರಾದರೂ ಹೇಳಿದ್ದರೆ ನಾವು ಒಪ್ಪುತ್ತಿದ್ದೆವೇ? ಪ್ರಕರಣ ಮಧುಗಿರಿಯ ನ್ಯಾಯಾಲಯಕ್ಕೆ ಹೋಯಿತು, ವರ್ಷಗಟ್ಟಲೆ ನಡೆಯಿತು. ನ್ಯಾಯಾಲಯ ನಿಧಾನ, ನಿಜ. ಆದರೆ ಅದು ಹೆಸರು ಕೇಳುತ್ತದೆ, ಸಾಕ್ಷಿ ಕೇಳುತ್ತದೆ. ಬಾಂಬು ಏನನ್ನೂ ಕೇಳುವುದಿಲ್ಲ.

2017ರ ಮಾರ್ಚ್‌ನಲ್ಲಿ ಮೋಸುಲ್‌ನ ಒಂದು ಬಡಾವಣೆಯಲ್ಲಿ ಇಬ್ಬರು ಬಂದೂಕುಧಾರಿಗಳಿಗೆ ಗುರಿಯಿಟ್ಟು ಹಾಕಿದ ಬಾಂಬಿನ ದಾಳಿಯಲ್ಲಿ ಕಟ್ಟಡ ಕುಸಿದು ನೂರಕ್ಕೂ ಹೆಚ್ಚು ನಾಗರಿಕರು ಸತ್ತರೆಂದು ಅಮೆರಿಕದ ಸೇನೆಯೇ ಒಪ್ಪಿಕೊಂಡಿತು. ನ್ಯಾಯವಾದ ಯುದ್ಧದಲ್ಲೂ ಹೀಗಾಗುತ್ತದೆ. ಹಾಗಾದಾಗ ಏನು ಮಾಡಬೇಕು? ಮಕ್ಕಾ ವಿಜಯದ ಬಳಿಕ ಖಾಲಿದ್ ಬಿನ್ ವಲೀದ್(ರ)ರವರ ಪಡೆ ಬನೂ ಜಝೀಮಾ ಗೋತ್ರದ, ಶರಣಾದ ಜನರನ್ನು ಕೊಂದ ಸುದ್ದಿ ಬಂದಾಗ ಪ್ರವಾದಿ(ಸ)ರವರು ಕೈಯೆತ್ತಿ, ಆ ಕೃತ್ಯದಿಂದ ತಾನು ಮುಕ್ತನೆಂದು ಅಲ್ಲಾಹನ ಮುಂದೆ ಹೇಳಿಕೊಂಡರು. ತನ್ನ ಸೇನಾನಿಯೆಂದು ಮುಚ್ಚಿಡಲಿಲ್ಲ. ಬಳಿಕ ಅಲೀ(ರ)ರವರ ಕೈಯಲ್ಲಿ ಹಣ ಕೊಟ್ಟು ಕಳುಹಿಸಿದರು. ಅಲೀ(ರ)ರವರು ಪ್ರತಿಯೊಂದು ಪ್ರಾಣಕ್ಕೂ ಪರಿಹಾರ ಕೊಟ್ಟರು, ನಷ್ಟವಾದ ಸೊತ್ತಿಗೆ ಕೊಟ್ಟರು, ನಾಯಿ ನೀರು ಕುಡಿಯುವ ಮರದ ಬಟ್ಟಲಿಗೂ ಕೊಟ್ಟರು. ಕೊನೆಗೆ ಉಳಿದ ಹಣವನ್ನೂ, ಲೆಕ್ಕಕ್ಕೆ ಸಿಗದೆ ಹೋದ ನಷ್ಟಗಳಿಗಾಗಿ, ಅಲ್ಲೇ ಬಿಟ್ಟು ಬಂದರು.